ಏಳು ಸಲ ‘ಹೇಳು’

ನಾಟಕ ತಂಡ ಕಟ್ಟುತ್ತೇನೆಂದು ನಾನು ಹೊರಟದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಮದುವೆಯಾಗಿ ದಿಲ್ಲಿಯ ಪೀತಮ್‌ಪುರಕ್ಕೆ ಬಂದು ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ನವೆಂಬರಿನಲ್ಲಿ ಯಾವುದಾದರೊಂದು ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರುವುದು, ಮಕ್ಕಳು ಸಿನಿಮಾ ಹಾಡಿಗೆ ಕುಣಿಯುವುದು, ನಾಲ್ಕು ಜನಕ್ಕೆ ಶಾಲು ಹೊದಿಸುವುದು, ಬಿಸಿಬೇಳೆಬಾತ್ ತಿಂದು ಮನೆ ಸೇರುವುದು. ಒಂದು ವರ್ಷ ಊಟದ ಸಾಲಿನಲ್ಲಿ ನಿಂತಿದ್ದಾಗ ಪಕ್ಕದಲ್ಲಿದ್ದವರಿಗೆ, “ನಾವೇ ಒಂದು ನಾಟಕ ಯಾಕೆ ಆಡಬಾರದು?” ಎಂದೆ. ಅವರು ತಟ್ಟೆಯಿಂದ ಕಣ್ಣೆತ್ತದೆ, “ದಿಲ್ಲೀಲಿ ಕನ್ನಡ ನಾಟಕ ಯಾರು ಆಡ್ತಾರೆ ಮೇಡಂ? ನಮ್ಮ ಮಕ್ಕಳಿಗೆ ಕನ್ನಡ ಎಲ್ಲಿ ಬರತ್ತೆ?” ಎಂದರು. ಮೈಯೆಲ್ಲ ಉರಿದುಹೋಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುವುದು ಸುಳ್ಳಲ್ಲ.

ಮನೆಗೆ ಬಂದವಳೇ ನಮ್ಮ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿದೆ: ಕನ್ನಡ ನಾಟಕ ತಂಡ ಶುರು ಮಾಡುತ್ತಿದ್ದೇನೆ, ಆಸಕ್ತಿ ಇರುವವರು ಬನ್ನಿ. ಹೆಬ್ಬೆರಳುಗಳು ಬಂದವು, ಮುಗಿದ ಕೈಗಳು ಬಂದವು, ಒಬ್ಬರು ಗುಲಾಬಿ ಹೂವನ್ನೂ ಕಳಿಸಿದರು. ಮನುಷ್ಯರು ಅಂತ ಬಂದವರು ಮೂರೇ ಜನ.

ಮೊದಲನೆಯವರು ನಮ್ಮ ಮಾರ್ಕೆಟ್ಟಿನಲ್ಲಿ ದೋಸೆ-ಇಡ್ಲಿಯ ಹೋಟೆಲ್ ಇಟ್ಟಿರುವ, ಕುಂದಾಪುರ ಕಡೆಯ ಯಜಮಾನರು. ಐವತ್ತು ದಾಟಿದ್ದರು. ಊರಿನಲ್ಲಿ ಹುಡುಗನಾಗಿದ್ದಾಗ ಒಂದೆರಡು ನಾಟಕದಲ್ಲಿ ಬಣ್ಣ ಹಚ್ಚಿದ್ದರಂತೆ. ಹೋಟೆಲಿನ ಮೇಲಿನ ಹಾಲ್ ಮಧ್ಯಾಹ್ನದ ಊಟ ಮುಗಿದ ಮೇಲೆ ಆರು ಗಂಟೆಯವರೆಗೆ ಖಾಲಿ ಇರುತ್ತದೆ, ಭಾನುವಾರ ಅಲ್ಲೇ ತಾಲೀಮು ಮಾಡಿ ಎಂದು ಅವರಾಗಿಯೇ ಹೇಳಿದರು. ಎರಡನೆಯವನು ಗಾಜಿಯಾಬಾದಿನಲ್ಲಿ ಫ್ಲ್ಯಾಟ್ ಹಿಡಿದಿದ್ದ ಕಲಬುರಗಿಯವನು, ಇಪ್ಪತ್ತೆಂಟರ ಸಾಫ್ಟ್‌ವೇರ್ ಇಂಜಿನಿಯರ್. ಅಲ್ಲಿ ಮೆಟ್ರೋ ಹತ್ತಿದರೆ ಬದಲಾಯಿಸುವ ತಾಪತ್ರಯವಿಲ್ಲದೆ ನೇರ ನಮ್ಮ ಸ್ಟೇಷನ್ನಿಗೇ ಬರುತ್ತದೆ, ಅದಕ್ಕೇ ಬಂದೆ ಎಂದು ಮೊದಲ ದಿನವೇ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಮೂರನೆಯವಳು ಹೋಟೆಲ್ ಯಜಮಾನರ ಮಗಳು. ಹತ್ತೊಂಬತ್ತು ವರ್ಷ, ಕಾಲೇಜಿನಲ್ಲಿ ಓದುತ್ತಿದ್ದಳು, ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲಿಯೇ. ಇವರ ಜೊತೆಗೆ ನನ್ನ ಗಂಡ. ಅವರು ಮಾನೇಸರಿನ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದಾರೆ. ನಟನೆ ಬರುವುದಿಲ್ಲ, ಲೈಟು ನೋಡಿಕೊಳ್ಳುತ್ತೇನೆ ಎಂದರು.

ನಾಟಕ ಬರೆದದ್ದು ನಾನೇ. ನಲವತ್ತು ನಿಮಿಷದ್ದು, ಒಂದೇ ಕೋಣೆ, ಒಂದು ಕುರ್ಚಿ. ಹೆಂಡತಿ ಯಾಕೆ ಮನೆ ಬಿಟ್ಟು ಹೋದಳು ಎಂಬುದನ್ನು ಮಗಳಿಂದ ಹದಿನೈದು ವರ್ಷ ಮುಚ್ಚಿಟ್ಟ ಅಪ್ಪ ಕುರ್ಚಿಯಲ್ಲಿ ಬಾಯಿ ಬಿಡದೆ ಕೂತಿರುತ್ತಾನೆ. ಮಗಳು ಕೇಳುತ್ತಾಳೆ. ನಡುವೆ ಸೋದರಮಾವ ಬಂದು ಅವಳ ಬಾಯಿ ಮುಚ್ಚಿಸಲು ನೋಡುತ್ತಾನೆ. “ಹೇಳು ಅಪ್ಪಾ, ಹೇಳು” ಎಂಬುದು ಮಗಳ ಮಾತು. ಇಡೀ ನಾಟಕದಲ್ಲಿ ಏಳು ಕಡೆ ಅದು ಬರುತ್ತದೆ. ಮೊದಲು ಬೇಡಿಕೊಂಡಂತೆ, ಆಮೇಲೆ ಗದರಿಸಿದಂತೆ, ಕೊನೆಗೆ ಸೋತವಳಂತೆ. ಏಳನೆಯದಕ್ಕೆ ಅಪ್ಪ ಬಾಯಿ ಬಿಡುತ್ತಾನೆ. ಅಪ್ಪ ಹೋಟೆಲ್ ಯಜಮಾನರು, ಮಗಳು ಅವರ ಮಗಳೇ, ಸೋದರಮಾವ ಕಲಬುರಗಿಯವನು. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮೊದಲ ಭಾನುವಾರ ಹೋಟೆಲಿನ ಮೇಲೆ ಮೇಜುಗಳನ್ನು ಗೋಡೆಗೆ ಒತ್ತರಿಸಿ ಸುತ್ತ ಕೂತೆವು. ಕೆಳಗಿನಿಂದ ರಾತ್ರಿಯ ಸಾಂಬಾರಿಗೆ ಹುರಿಯುತ್ತಿದ್ದ ಕೊತ್ತಂಬರಿಯ ವಾಸನೆ ಬರುತ್ತಿತ್ತು. ಹುಡುಗಿಗೆ ಕನ್ನಡ ಓದಲು ಬಾರದು. ನಾಟಕವನ್ನು ಹಿಂದಿನ ವಾರ ನಾನು ಫೋನಿನಲ್ಲಿ ಓದಿ ಹೇಳಿದ್ದೆ, ಅವಳು ಹಿಂದಿ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಎಷ್ಟು ಚೆಂದದ ನೋಟ್‌ಬುಕ್ಕು! ಮಗಳ ಮಾತು ಒಂದು ಬಣ್ಣ, ಅಪ್ಪನದು ಒಂದು ಬಣ್ಣ, ಮಾವನದು ಇನ್ನೊಂದು ಬಣ್ಣ. ಆದರೆ ಇಲ್ಲಿಯವರ ಹಿಂದಿಯಲ್ಲಿ ‘ಳ’ ಇಲ್ಲ. ಕೇಳಿದ ‘ಳ’ವೆಲ್ಲ ಅವಳ ಪುಸ್ತಕದಲ್ಲಿ ‘ಲ’ ಆಗಿ ಕೂತಿದ್ದವು. ಅದು ನನಗೆ ಹೊಳೆಯಲೇ ಇಲ್ಲ.

ಅವಳು ಎದ್ದು ನಿಂತು, ನೋಟ್‌ಬುಕ್ ಎದೆಯ ಹತ್ತಿರ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಅಪ್ಪನ ಮುಂದೆ ನಿಂತು ಅಂದಳು: “ಹೇಲು ಅಪ್ಪಾ, ಹೇಲು.”

ಕಲಬುರಗಿಯ ಹುಡುಗ ಕೆಮ್ಮಿದ. ಅವನು ಕೆಮ್ಮಿಯೇ ಸುಮ್ಮನಾದ. ನಾನು ಸುಮ್ಮನಾಗಲಿಲ್ಲ. ಬಿದ್ದು ಬಿದ್ದು ನಕ್ಕೆ. ಮಗಳೊಬ್ಬಳು ಹೆತ್ತ ಅಪ್ಪನ ಮುಂದೆ ನಿಂತು ಅಳುತ್ತಾ, ಇದ್ದಲ್ಲೇ ಕಕ್ಕಸು ಮಾಡು ಎಂದು ಬೇಡಿಕೊಳ್ಳುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಮೇಜಿಗೆ ತಲೆ ಇಟ್ಟು ನಕ್ಕೆ. ನಾನು ನಗುವುದನ್ನು ನೋಡಿ ಯಜಮಾನರೂ ನಕ್ಕರು, ಸ್ವಲ್ಪ ತಡವಾಗಿ, ನಗಬೇಕೋ ಬೇಡವೋ ಎಂದು ಯೋಚಿಸಿದವರ ಹಾಗೆ. ಹುಡುಗಿ ಎಲ್ಲರ ಮುಖ ನೋಡುತ್ತಾ, “ಕ್ಯಾ ಹುಆ? ಏನಾಯ್ತು ಪಪ್ಪಾ?” ಎಂದು ಕೇಳಿದಳು. ಅಪ್ಪ ಅವಳನ್ನು ಮೆಟ್ಟಿಲ ಬಳಿ ಕರೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಅವಳು ವಾಪಸು ಬಂದು ಉಳಿದ ಪುಟಗಳನ್ನು ತಲೆ ಎತ್ತದೆ ಓದಿ ಮುಗಿಸಿದಳು.

ಮುಂದಿನ ಭಾನುವಾರ ಅವಳು ಬರಲಿಲ್ಲ.

“ಅವಳು ಇನ್ನು ಬರುದಿಲ್ಲ ಅಂತೆ ಮೇಡಂ,” ಎಂದರು ಯಜಮಾನರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. “ಹಾಲ್ ನೀವು ಉಪಯೋಗಿಸ್ಕೊಳ್ಳಿ, ಅದಕ್ಕೆ ಎಂತ ತೊಂದ್ರೆ ಇಲ್ಲ. ಆದ್ರೆ ಮಗಳೇ ಇಲ್ಲದ ಮೇಲೆ ನಾನು ಯಾರಿಗೆ ಅಪ್ಪ ಆಗುದು ಮಾರಾಯ್ರೆ?”

ನಮ್ಮ ಪಕ್ಕದ ಹೌಸಿಂಗ್ ಸೊಸೈಟಿಯ ಕಮ್ಯೂನಿಟಿ ಹಾಲ್ ಬುಕ್ ಆಗಿತ್ತು. ಪ್ರದರ್ಶನಕ್ಕೆ ಮೂರು ವಾರವಿತ್ತು. ಪೋಸ್ಟರ್ ಗುಂಪಿನಿಂದ ಗುಂಪಿಗೆ ಓಡಾಡುತ್ತಿತ್ತು. ದಿಲ್ಲಿಯಲ್ಲಿ ಯಾರು ಆಡುತ್ತಾರೆ ಎಂದವರೂ ಹೆಬ್ಬೆರಳು ಒತ್ತಿದ್ದರು. ಅವಳ ಬದಲು ಇನ್ನೊಬ್ಬಳನ್ನು ತರೋಣವೆಂದರೆ ಇನ್ನೊಬ್ಬಳು ಇರಲಿಲ್ಲ.

“ಅಕ್ಕಾರ, ಒಂದ್ ಮಾತು ಹೇಳ್ಲೇನ್ರಿ?” ಎಂದ ಕಲಬುರಗಿಯವನು. “ಆ ಶಬ್ದಾನೇ ತೆಗೀರಿ. ‘ಮಾತಾಡು’ ಅಂತ ಹಾಕ್ರಿ. ಅದ್ರಾಗ ‘ಳ’ ಇಲ್ಲ, ಆ ಹುಡುಗಿ ಸಲೀಸು ಅಂತಾಳ.”

“ನಾಟಕದ ಜೀವಾನೇ ಆ ಮಾತು. ಅದನ್ನ ತೆಗೆದರೆ ಉಳಿಯೋದೇನು?”

“ಹುಡುಗಿ ಉಳೀತಾಳ್ರಿ.”

“ಕನ್ನಡ ನಾಟಕ ಅಂತ ಕರೆದು ಕನ್ನಡದ ಅಕ್ಷರಕ್ಕೇ ಹೆದರಿ ಓಡಿಹೋಗೋದಾ? ‘ಳ’ ಬರದಿದ್ದರೆ ಕಲೀಬೇಕು.” ನನ್ನ ದನಿ ಏರಿತ್ತು.

“ನಮ್ಮ ಮನ್ಯಾಗ ಉರ್ದು ರೀ,” ಎಂದ. “ಸಾಲಿಗೆ ಹೋದ ಮ್ಯಾಲೆ ನಾ ಕನ್ನಡ ಕಲ್ತವ. ನಮ್ಮ ಮಾಸ್ತರು ನಕ್ಕಿದ್ರ ನಾ ಇವತ್ತು ಇಲ್ಲಿ ಕೂಡ್ತಿದ್ದಿಲ್ಲ.”

ಮನೆಗೆ ಬಂದು ಗಂಡನ ಮುಂದೆ ಹಾರಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, “ನಿನ್ನ ಹತ್ತಿರ ಬಂದ ಪೀಸೆಲ್ಲ ರಿಜೆಕ್ಟೇ. ನಮ್ಮ ಫ್ಯಾಕ್ಟರೀಲಿ ಹೀಗೆ ಮಾಡಿದರೆ ಒಂದು ಗಾಡೀನೂ ರಸ್ತೆಗೆ ಬರಲ್ಲ,” ಎಂದು ಟೀವಿ ಹಾಕಿದರು.

ಬುಧವಾರ ಮಧ್ಯಾಹ್ನ ಹುಡುಗಿ ಕಾಲೇಜಿನಿಂದ ಬರುವ ಹೊತ್ತಿಗೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಹೋಗಿ ನಿಂತೆ. ಇ-ರಿಕ್ಷಾದವರು ಒಬ್ಬರಾದ ಮೇಲೊಬ್ಬರು ಬಂದು ಕರೆದರು, “ನಹೀ ಭಯ್ಯಾ, ನಹೀ ಭಯ್ಯಾ” ಎಂದು ಬಾಯಿ ಒಣಗಿತು. ಅವಳು ಇಳಿದು ಬಂದಳು, ನನ್ನನ್ನು ನೋಡಿದಳು, ನೋಡದವಳಂತೆ ಮುಂದೆ ಹೋದಳು. ನಾನು ಹಿಂದೆಯೇ ಹೆಜ್ಜೆ ಹಾಕಿದೆ. ಮಾರ್ಕೆಟ್ಟಿನ ತಿರುವಿನಲ್ಲಿ ಅವಳೇ ನಿಂತು ತಿರುಗಿದಳು.

“ಆಪ್ ಸಬ್‌ಸೇ ಜ್ಯಾದಾ ಹಂಸೀ ಥೀಂ, ಆಂಟಿ,” ಎಂದಳು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ನಿಜವೇ ಆಗಿತ್ತು.

“ತಪ್ಪಾಯ್ತು ಕಣೇ.”

“ನನಗೆ ಎಲ್ಲಾ ಅರ್ಥ ಆಗತ್ತೆ,” ಎಂದಳು, ಈಗ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹುಡುಕಿ. “ಮನೇಲಿ ಪಪ್ಪಾ-ಮಮ್ಮಿ ಮಾತಾಡೋದು, ಅಜ್ಜಿ ಫೋನಲ್ಲಿ ಬೈಯೋದು, ಎಲ್ಲಾ. ಬಟ್ ನಾನು ಮಾತಾಡಿದ್ರೆ ನಗ್ತಾರೆ. ಎಂಟು ವರ್ಷ ಇದ್ದಾಗ ಊರಿಗೆ ಹೋಗಿದ್ದೆ, ಕಸಿನ್ಸ್ ಎಲ್ಲಾ ಸುತ್ತ ನಿಂತು, ಫಿರ್ ಸೇ ಬೋಲ್, ಇನ್ನೊಂದ್ ಸಲ ಅನ್ನು, ಅಂತ. ಆಮೇಲೆ ಮಾತಾಡ್ಲೇ ಇಲ್ಲ.” ಸ್ವಲ್ಪ ಹೊತ್ತು ಬ್ಯಾಗಿನ ಪಟ್ಟಿ ತಿರುಚುತ್ತಾ ನಿಂತಳು. “ನಾಟಕ ಅಂದಾಗ ಅನ್ಕೊಂಡೆ, ಒಂದೇ ಸಲ, ಎಲ್ಲರ ಮುಂದೆ, ಪೂರಾ ಕನ್ನಡ. ಯಾರೂ ನಗದೇ. ಬಸ್, ಅಷ್ಟೇ.”

ರಸ್ತೆಯಲ್ಲೇ ನಿಂತು ಅವಳಿಗೆ ನನ್ನ ಕಥೆ ಹೇಳಿದೆ. ನನ್ನ ಗಂಡನಿಗೂ ಅದನ್ನು ಹೇಳಿರಲಿಲ್ಲ. ನಾನು ಮಂಡ್ಯದ ಕಡೆಯ ಹಳ್ಳಿಯವಳು. ನಮ್ಮಲ್ಲಿ ‘ಹ’ ಎಂಬುದು ಶಾಲೆಯ ಪುಸ್ತಕದಲ್ಲಿತ್ತು, ನಾಲಿಗೆಯ ಮೇಲಿರಲಿಲ್ಲ. ಹಾಲು ಆಲು, ಹಣ್ಣು ಅಣ್ಣು. ಮೈಸೂರಿನ ಕಾಲೇಜಿನಲ್ಲಿ ನಾಟಕಕ್ಕೆ ಸೇರಿದೆ, ತಾಯಿಯ ಪಾತ್ರ. ಕುರ್ಚಿಯಲ್ಲಿ ಕೂತ ಮಗನಿಗೆ “ಹೇಳು ಮಗನೇ” ಎನ್ನಬೇಕು. “ಏಳು ಮಗನೇ” ಎಂದೆ. ಮಗನ ಪಾತ್ರದವನು ತುಂಟ, ಎದ್ದು ನಿಂತ. ನನಗೆ ಗೊತ್ತಾಗಲಿಲ್ಲ, ಇನ್ನೂ ಗಟ್ಟಿಯಾಗಿ “ಏಳು!” ಎಂದೆ. ಅವನು ಕುರ್ಚಿಯ ಮೇಲೇ ಹತ್ತಿ ನಿಂತ. ನಕ್ಕ ಸದ್ದು ಎಷ್ಟಿತ್ತೆಂದರೆ ಪಕ್ಕದ ತರಗತಿಯವರು ಎದ್ದು ಬಂದರು. ಮಾರನೆಯ ದಿನ ನನ್ನ ಪಾತ್ರ ಬೇರೆಯವಳಿಗೆ ಹೋಯಿತು. ಆಮೇಲೆ ಹಾಸ್ಟೆಲಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ಅದರ ಮುಂದೆ ‘ಹ ಹಾ ಹಿ ಹೀ’ ಎಂದು ತಿಂಗಳುಗಟ್ಟಲೆ ಊದಿದ್ದೇನೆ. ‘ಹ’ ಸರಿಯಾಗಿ ಬಂದರೆ ಜ್ವಾಲೆ ಅಲುಗಬೇಕು, ಅದು ನನ್ನ ಲೆಕ್ಕ.

ಹುಡುಗಿ ನಕ್ಕಳು. ಕುರ್ಚಿ ಹತ್ತಿದ್ದಕ್ಕೆ ಎರಡು ಸಲ ನಕ್ಕಳು. ಆಮೇಲೆ ಗಂಭೀರವಾಗಿ, “ಹಾಗಾದ್ರೆ ನೀವು ಯಾಕೆ ನಕ್ರಿ?” ಎಂದಳು.

ಗೊತ್ತಿಲ್ಲ ಎಂದೆ. ಆದರೆ ನನಗೆ ಗೊತ್ತಿತ್ತು. ನಗುವವರ ಕಡೆ ನಿಲ್ಲಲು ನಾನು ತುಂಬ ಕಷ್ಟಪಟ್ಟಿದ್ದೆ, ಆ ಜಾಗ ಬಿಟ್ಟುಕೊಡಲು ಇಷ್ಟವಿರಲಿಲ್ಲ.

“ಚಲೋ, ಬರ್ತೀನಿ,” ಎಂದಳು. “ಒಂದು ಕಂಡೀಷನ್. ಸ್ಟೇಜಲ್ಲಿ ತಪ್ಪಾದ್ರೂ ನೀವು ನಿಲ್ಲಿಸಬಾರದು. ಕೊನೆ ತನಕ ಬಿಡಬೇಕು. ಪ್ರಾಮಿಸ್?”

ಅವಳ ಕೈ ಹಿಡಿದು ಪ್ರಾಮಿಸ್ ಎಂದೆ. ಬೇಕಾದರೆ ಆ ಮಾತನ್ನೇ ‘ಮಾತಾಡು’ ಎಂದು ಬದಲಾಯಿಸೋಣ ಎಂತಲೂ ಅಂದೆ. ಬೇಡ ಎಂದವಳು ಅವಳೇ.

ಆಮೇಲಿನ ಎರಡೂವರೆ ವಾರ ನಮ್ಮ ತಂಡದ ಕೆಲಸವೆಂದರೆ ಒಂದು ಅಕ್ಷರ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಿಗೆ ತಾಗಿಸಬೇಕು, ಅಲ್ಲಿಂದ ಕೆಳಗೆ ಬೀಳಿಸಬೇಕು. ಹೇಳುವುದಕ್ಕೆ ಇಷ್ಟೇ. ದಿನಾ ಬೆಳಿಗ್ಗೆ ಅವಳು ಮೆಟ್ರೋದಿಂದ ವಾಯ್ಸ್ ಮೆಸೇಜ್ ಕಳಿಸುವಳು: ಬಾಳೆ, ಬೇಳೆ, ಬೆಳ್ಳುಳ್ಳಿ, ಹಳದಿ, ಕಳ್ಳ. ಹಿಂದೆ ಮುಂದಿನ ನಿಲ್ದಾಣದ ಹೆಸರು ಕೇಳಿಸುತ್ತಿತ್ತು. ನಾನು ತಿದ್ದಿ ಕಳಿಸುವೆ. ತಿಂಡಿ ತಿನ್ನುತ್ತಿದ್ದ ನನ್ನ ಗಂಡ, “ಇದೇನು ನಾಟಕವೋ, ದಿನಸಿ ಪಟ್ಟಿಯೋ?” ಎಂದು ರೇಗಿಸುವರು. ಹೋಟೆಲಿನ ಅಡುಗೆಮನೆಯಲ್ಲಿ ಅಪ್ಪ ಬೇಕೆಂದೇ ಅವಳಿಗೆ ‘ಳ’ ಇರುವ ಸಾಮಾನುಗಳನ್ನೇ ತರಲು ಹೇಳುತ್ತಿದ್ದರಂತೆ.

ಮೊದಲ ವಾರ ಮುಗಿಯುವಷ್ಟರಲ್ಲಿ ಬೆಳ್ಳುಳ್ಳಿ ಬಂತು. ಎರಡನೆಯ ವಾರದಲ್ಲಿ ‘ಹೇಳು’ ಬಂತು. ಮೆಲ್ಲಗೆ ಬೇಡಿಕೊಂಡು ಅಂದರೆ ಮುತ್ತಿನ ಹಾಗೆ ಬರುತ್ತಿತ್ತು. ನಾಟಕದಲ್ಲಿ ಸಿಟ್ಟು ಏರುವ ಜಾಗಕ್ಕೆ ಬಂದೊಡನೆ ನಾಲಿಗೆ ಮಡಚುವುದನ್ನು ಮರೆತು ನೇರವಾಗುತ್ತಿತ್ತು. ಕಾರಣ ತಿಳಿಯಲು ನನಗೆ ದಿನಗಳು ಬೇಕಾದವು. ಅವಳು ಹುಟ್ಟಿದಾಗಿನಿಂದ ಜಗಳವಾಡಿದ್ದು, ಕಿರುಚಿದ್ದು, ಬಾಗಿಲು ಬಡಿದದ್ದು ಎಲ್ಲ ಹಿಂದಿಯಲ್ಲಿ. ಕನ್ನಡದಲ್ಲಿ ಸಿಟ್ಟು ಮಾಡಿಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ. ಐದನೆಯ ‘ಹೇಳು’ ಅತ್ಯಂತ ಸಿಟ್ಟಿನದು. ಕೊನೆಯ ತಾಲೀಮಿನಲ್ಲಿ ಅದನ್ನು ಹತ್ತು ಸಲ ಹೇಳಿಸಿದೆ. ಆರು ಸಲ ‘ಳ’, ನಾಲ್ಕು ಸಲ ‘ಲ’.

“ಹೋಗ್ಲಿ ಬಿಡ್ರಿ ಅಕ್ಕಾರ, ಬರ್ತದ,” ಎಂದ ಕಲಬುರಗಿಯವನು. ಯಜಮಾನರು ಕೆಳಗೆ ಹೋಗಿ ನಾಲ್ಕು ಕಾಫಿ ತಂದರು, ಮಗಳಿಗೆ ಮಾತ್ರ ಅದನ್ನು ತಾವೇ ಆರಿಸಿ ಕೊಟ್ಟರು.

ಪ್ರದರ್ಶನದ ಭಾನುವಾರ ಸಂಜೆ ಐದಕ್ಕೆ ಹಾಲ್ ತುಂಬುತ್ತದೆ ಎಂದು ನಾನು ನಂಬಿರಲಿಲ್ಲ, ತುಂಬಿತು. ರೋಹಿಣಿಯಿಂದ, ದ್ವಾರಕಾದಿಂದ, ಗುರುಗ್ರಾಮದಿಂದ ಬಂದಿದ್ದರು. ಸೀರೆಗಳು, ಮಲ್ಲಿಗೆ, ಮಕ್ಕಳ ಗಲಾಟೆ, ಪ್ಲಾಸ್ಟಿಕ್ ಕುರ್ಚಿ ಎಳೆಯುವ ಸದ್ದು. ವೇದಿಕೆಯ ಎಡಬದಿಯಲ್ಲಿ ಪರದೆಯ ಹಗ್ಗವಿತ್ತು. ಅದನ್ನು ಎಳೆಯುವುದೂ ನಾನೇ, ಮಾತು ಮರೆತವರಿಗೆ ಪಿಸುಗುಟ್ಟುವುದೂ ನಾನೇ. ಎದುರಿನ ಬದಿಯಲ್ಲಿ ಗಂಡ ಲೈಟಿನ ಸ್ವಿಚ್ಚುಗಳ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದರು. ನಾಟಕದ ಹಾಳೆಗಳು ನನ್ನ ಕೈಯಲ್ಲಿದ್ದವು.

ಪರದೆ ಸರಿಸಿದೆ. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಮಗಳು ಬಂದಳು. ಮೊದಲನೆಯ ‘ಹೇಳು’ ಸ್ಪಷ್ಟವಾಗಿ ಬಂತು. ನಾನು ಒಂದು ಬೆರಳು ಮಡಚಿದೆ. ಎರಡನೆಯದು ಬಂತು. ಮೂರನೆಯದೂ ಬಂತು. ಹಾಲ್‌ನಲ್ಲಿ ಮಕ್ಕಳೂ ಸುಮ್ಮನಾಗಿದ್ದರು. ಸೋದರಮಾವ ಬಂದು ಅವಳನ್ನು ಗದರಿದ. ನಾಲ್ಕನೆಯದು ಬಂತು. ನಾಲ್ಕು ಬೆರಳು ಮಡಚಿಯಾಗಿತ್ತು.

ಮಾವ ಅವಳ ರಟ್ಟೆ ಹಿಡಿದು ಒಳಗೆ ಎಳೆಯುತ್ತಾನೆ. ಅವಳು ಕೊಸರಿಕೊಂಡು ಅಪ್ಪನ ಮುಂದೆ ಬಂದು ಕೂಗುತ್ತಾಳೆ. ಕೊಸರಿಕೊಂಡಳು, ಬಂದಳು, ಕೂಗಿದಳು.

“ಹೇಲು!”

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಅವಳ ಮುಖ ನನಗೆ ಕಾಣಲಿಲ್ಲ, ನಗು ಮಾತ್ರ ನನ್ನದೇ ಇದ್ದ ಹಾಗಿತ್ತು. ಅದು ಅವಳ ಸಾಲಿಗೆ ಹಬ್ಬಿತು, ಮುಂದಿನ ಸಾಲಿಗೆ ಬಂತು. ಅರ್ಥವಾಗದ ಮಕ್ಕಳು ದೊಡ್ಡವರು ನಗುತ್ತಿದ್ದಾರೆಂದು ನಕ್ಕರು. ಯಾರೋ “ಶ್ಶ್” ಎಂದರು, ಅದರಿಂದ ಇನ್ನೂ ಹೆಚ್ಚಾಯಿತು. ಕುರ್ಚಿಯಲ್ಲಿದ್ದ ಅಪ್ಪ ತಲೆ ತಗ್ಗಿಸಿಯೇ ಇದ್ದರು, ಪಾತ್ರದಲ್ಲಿ ಹಾಗೆಯೇ ಇರಬೇಕಿತ್ತು. ಆದರೆ ಅವರ ಕುತ್ತಿಗೆ ಕೆಂಪಾದದ್ದು ನನಗೆ ಬದಿಯಿಂದ ಕಾಣುತ್ತಿತ್ತು. ಹುಡುಗಿ ನಿಂತುಬಿಟ್ಟಳು. ಮುಂದಿನ ಮಾತು ಅವಳದೇ. ಬರಲಿಲ್ಲ.

ನಾನು ಅದನ್ನು ಪಿಸುಗುಟ್ಟಬೇಕಿತ್ತು. ಹಾಳೆ ಕೈಯಲ್ಲಿತ್ತು, ಮಾತು ಕಣ್ಣೆದುರಿಗಿತ್ತು. ನಾನು ಹಗ್ಗಕ್ಕೆ ಕೈ ಹಾಕಿದೆ.

ಯೋಚಿಸಿ ಮಾಡಿದ್ದಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಪರದೆಯ ಬಳೆಗಳು ತಂತಿಯ ಮೇಲೆ ಕರಕರ ಎಂದವು. ಎರಡೂ ಬದಿಯಿಂದ ಬಟ್ಟೆ ಒಂದೊಂದು ಮಾರು ಒಳಗೆ ಬಂತು. ಎದುರಿನಿಂದ ಗಂಡ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರು. ನನ್ನ ಕೈ ನಿಲ್ಲಲಿಲ್ಲ. ಕತ್ತು, ಕಿವಿ, ಮುಖ ಎಲ್ಲ ಬೆಂಕಿಯಾಗಿತ್ತು, ಈ ನಗು ನಿಲ್ಲಬೇಕು ಎಂಬುದೊಂದೇ ತಲೆಯಲ್ಲಿತ್ತು.

ಹುಡುಗಿ ಸದ್ದು ಕೇಳಿ ನನ್ನ ಕಡೆ ತಿರುಗಿದಳು. ಮೊದಲು ಪರದೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

“ಬೇಡ,” ಎಂದಳು. ಎಲ್ಲರಿಗೂ ಕೇಳಿಸುವ ಹಾಗೆ.

ಅಷ್ಟು ಹೇಳಿ ಅವಳು ಮೂರು ಹೆಜ್ಜೆ ಮುಂದೆ ಬಂದಳು, ವೇದಿಕೆಯ ತುದಿಗೆ, ಪರದೆ ಮುಚ್ಚಿಕೊಳ್ಳುವ ಗೆರೆಯಿಂದ ಆಚೆಗೆ. ಇನ್ನು ನಾನು ಪೂರ್ತಿ ಎಳೆದರೂ ಅಪ್ಪ, ಮಾವ, ಕುರ್ಚಿ ಎಲ್ಲ ಒಳಗಾಗುತ್ತಿದ್ದವು, ಅವಳೊಬ್ಬಳು ಹೊರಗೆ ಜನರ ಮುಂದೆ ಉಳಿಯುತ್ತಿದ್ದಳು. ನನ್ನ ಕೈ ಹಗ್ಗದ ಮೇಲೆ ಹಾಗೆಯೇ ನಿಂತಿತು.

ನಗು ಇನ್ನೂ ನಡೆಯುತ್ತಿತ್ತು. ಅವಳು ಅದು ಮುಗಿಯಲೆಂದು ಕಾದಳು. ಕೈ ಕಟ್ಟಲಿಲ್ಲ, ತಲೆ ತಗ್ಗಿಸಲಿಲ್ಲ. ಸಾಲು ಸಾಲಾಗಿ ನೋಡುತ್ತಾ ನಿಂತಳು. ನೋಡಿದ ಸಾಲು ಸುಮ್ಮನಾಗುತ್ತಾ ಬಂತು. ಆಮೇಲೆ ಬೆನ್ನು ತಿರುಗಿಸದೆ, ಹಿಂದೆ ಕೂತ ಅಪ್ಪನಿಗೆ ಆರನೆಯದನ್ನು ಅಂದಳು. ಅದೂ ‘ಹೇಲು’ ಆಗಿಯೇ ಬಂತು. ಒಂದಿಬ್ಬರು ನಕ್ಕರು, ನಕ್ಕು ತಾವೇ ನಿಲ್ಲಿಸಿದರು. ಕಲಬುರಗಿಯವನು ಬರೆದಿದ್ದಕ್ಕೆ ಸರಿಯಾಗಿ ತನ್ನ ಮಾತು ಆಡಿದ, ಒಂದು ಅಕ್ಷರ ತಪ್ಪಲಿಲ್ಲ, ನಾಟಕ ಎಲ್ಲಿಯೂ ನಿಂತೇ ಇಲ್ಲವೆಂಬಂತೆ. ನಾನು ಪರದೆಯನ್ನು ನಿಧಾನವಾಗಿ ಹಿಂದಕ್ಕೆ ಸರಿಸಿದೆ.

ಏಳನೆಯದನ್ನು ಅವಳು ಅಪ್ಪನ ಹತ್ತಿರ ಹೋಗಿ, ನೆಲದ ಮೇಲೆ ಕೂತು ಹೇಳಿದಳು. ಅದು ‘ಳ’ ಆಗಿತ್ತೋ ‘ಲ’ ಆಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಜಮಾನರು ತಲೆ ಎತ್ತಿದರು. ನಾನು ಬರೆದದ್ದು, “ಹೇಳುತ್ತೇನೆ, ಕೇಳು” ಎಂದು. ಅವರು, “ಹೇಳ್ತೆ ಮಗಾ,” ಎಂದರು, ಊರಿನ ಮಾತಿನಲ್ಲಿ.

ಚಪ್ಪಾಳೆ ಬಂತು. ತುಂಬ ಹೊತ್ತು ಬಂತು. ಜನ ವೇದಿಕೆ ಹತ್ತಿ ಬಂದು ಯಜಮಾನರ ಕೈ ಕುಲುಕಿದರು, ಫೋಟೋ ತೆಗೆಸಿಕೊಂಡರು. ರೋಹಿಣಿಯಿಂದ ಬಂದ ಹಿರಿಯರೊಬ್ಬರು ನನ್ನ ಹತ್ತಿರ ಬಂದು, “ಪರದೆ ಅರ್ಧ ಮುಚ್ಚಿ, ಆ ಹುಡುಗೀನ ಹೊರಗೆ ನಿಲ್ಲಿಸಿದ್ರಲ್ಲ ಮೇಡಂ, ಅದು ನಿರ್ದೇಶನ ಅಂದ್ರೆ,” ಎಂದರು. ನಾನು ಕೈ ಮುಗಿದು ಥ್ಯಾಂಕ್ಸ್ ಎಂದೆ. ಹೌದು, ಹಾಗೆ ಅಂದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಹಾಲ್‌ನ ಹಿಂದೆ ಕುರ್ಚಿ ಜೋಡಿಸಿಡುವ ಕೋಣೆಯೇ ನಮ್ಮ ಬಣ್ಣದ ಕೋಣೆ. ಹುಡುಗಿ ಒಬ್ಬಳೇ ಒಂದು ಕುರ್ಚಿಯಲ್ಲಿ ಕೂತು ಹತ್ತಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಚೆನ್ನಾಗಿ ಮಾಡಿದೆ ಎಂದೆ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ.

“ಪರದೆ ಯಾಕೆ ಎಳೆದ್ರಿ ಆಂಟಿ?”

“ನೀನು ಅತ್ತುಬಿಡ್ತೀಯ ಅನ್ನಿಸ್ತು. ಜನರ ಮುಂದೆ ಯಾಕೆ, ನಿನ್ನ ಕಾಪಾಡೋಣ ಅಂತ...”

“ನಾನು ಅಳ್ತಾ ಇರ್ಲಿಲ್ಲ.”

ಹೌದು, ಅಳುತ್ತಿರಲಿಲ್ಲ. ಅಳು ಬಂದದ್ದು ನನಗೆ. ಒಂದು ಕುರ್ಚಿ ಎಳೆದುಕೊಂಡು ಅವಳೆದುರು ಕೂತೆ. ಅವಳ ಮುಂದೆ ಇನ್ನೊಂದು ಸುಳ್ಳು ಹೇಳುವಷ್ಟು ಮುಖ ಉಳಿದಿರಲಿಲ್ಲ.

“ಅವರೆಲ್ಲ ನನ್ನನ್ನ ನೋಡಿ ನಗ್ತಿದ್ದಾರೆ ಅನ್ನಿಸ್ತು ಕಣೇ,” ಎಂದೆ. “ಅದನ್ನ ತಡೆಯೋಕಾಗಲಿಲ್ಲ.”

ಅವಳು ಹತ್ತಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಅರ್ಧ ಮುಖದಲ್ಲಿ ಬಣ್ಣ ಇನ್ನೂ ಇತ್ತು.

“ನಿಮ್ಮನ್ನ ಯಾರೂ ನೋಡ್ತಾನೇ ಇರ್ಲಿಲ್ಲ,” ಎಂದಳು. “ಅಲ್ಲಿ ನಿಂತಿದ್ದು ನಾನು. ನಕ್ಕಿದ್ದು ನನ್ನ ನೋಡಿ. ನಾನು ನಿಂತಿದ್ದೆ ಅಲ್ವಾ? ನೀವು ಯಾಕೆ ಓಡಿಹೋದ್ರಿ?”

ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ. ಆ ಮಾತು ಹೊರಗೆ ಬರುವಷ್ಟರಲ್ಲಿ ಅವಳು ಎದ್ದು ಮುಖ ತೊಳೆಯಲು ಹೋಗಿದ್ದಳು.